ಹಲಗೆ ದಾರಿಗೆ ಕಂಬ ನೆಟ್ಟದ್ದು

ಕೊಳ್ಳೇಗಾಲದ ನೇಕಾರರ ಬೀದಿಗೆ ಅಡ್ಡಲಾಗಿ ಮೋರಿ ಕಟ್ಟಿಸುವ ಹೊಣೆ ಬಿದ್ದಾಗ ನಾನು ಹಂಗಾಮಿ ಓವರ್‌ಸಿಯರ್. ಆಗ ನಮಗೆ ಜಿಲ್ಲಾ ಕೇಂದ್ರವಾಗಿದ್ದ ಕೊಯಮತ್ತೂರಿನಿಂದ ದೊಡ್ಡ ಇಂಜಿನಿಯರು ಬಂದು ಮೆಚ್ಚಿದರೆ ಕೆಲಸ ಕಾಯಂ. ಕಾಯಂ ಆಗಿಯೇ ಹೋಯಿತೆಂದು ನನ್ನ ಹೆಂಡತಿ ಹನೂರಿನ ತವರಿಗೆ ಹೇಳಿಯೂ ಬಿಟ್ಟಿದ್ದಳು!

ಎದೆಮಟ್ಟದ ಗುಂಡಿ. ದಾಟಲು ಹಲಗೆ. ಜನರ ಕ್ಷೇಮವೇ ನನ್ನ ಕ್ಷೇಮವೆಂದು ಬಗೆದು, ಹಲಗೆಯ ಎರಡೂ ಬದಿಗೆ ಸರ್ವೆ ಮರದ ಕಂಬ ನೆಟ್ಟು ಹಗ್ಗ ಬಿಗಿಸಿದೆ. ಜನ ಮುಂಚಿತವಾಗಿಯೇ ಹಗ್ಗ ಹಿಡಿಯಲೆಂಬ ದೂರದೃಷ್ಟಿಯಿಂದ ಕಂಬಗಳ ಸಾಲನ್ನು ಆಚೀಚೆ ಬೀದಿಗೂ ಬೆಳೆಸಿದೆ. ನೂಲು ಹಿಡಿದಂತೆ ನೇರ!

ಇಂಜಿನಿಯರು ಬರುವ ದಿನ ಬೆಳಿಗ್ಗೆ ನೋಡುತ್ತೇನೆ, ನೂಲನ್ನು ನಿಜವಾಗಿಯೂ ಹಿಡಿದಿದ್ದಾರೆ. ಕಂಬದಿಂದ ಕಂಬಕ್ಕೆ, ಹಲಗೆಯ ಮೇಲೆಯೇ, ಸೀರೆ ನೇಯಲು ಉದ್ದಕ್ಕೆ ಎಳೆದು ಕಟ್ಟಿದ ರೇಷ್ಮೆ ಎಳೆಗಳ ಹಾಸು!

"ಪುಣ್ಯಾತ್ಮ್ರು ಸಾ ನೀವು" ಎಂದ ನೇಕಾರ ಸಿದ್ದಪ್ಪ. "ಗುಂಡಿ ತೆಗುದ್‌ಮ್ಯಾಕೆ ಹಾಸು ಹಿಡಿಯಕೆ ಜಾಗ್ವೇ ಇರ್ನಿಲ್ಲ. ನೀವೇ ಗೂಟ ನೆಟ್ಕೊಟ್ರಿ!"

"ಜನ ನಡೆಯುವ ದಾರಿ ಕಣಯ್ಯಾ, ಬಿಚ್ಚು."

"ಈಗ್ ಬಿಚ್ಚುದ್ರೆ ಎಳೆಯೆಲ್ಲಾ ಸಿಕ್ಕಾಯ್ತದೆ ಸಾ. ಯಳಂದೂರಿನೋರ ಮದ್ವೆ ಸೀರೆ. ಸಂಜೀಕೆ ಬಿಚ್ತೀನಿ."

ಮದುವೆ ಸೀರೆಯ ಎಳೆ ಹರಿಯುವ ಧೈರ್ಯ ಯಾರಿಗೂ ಇಲ್ಲ. ಜನ ಗುಂಡಿಗಿಳಿದು ಹತ್ತತೊಡಗಿದರು. ಪಕ್ಕದಲ್ಲಿ ಇನ್ನೊಂದು ಹಲಗೆ ಹಾಕಿಸಿದೆ. ಅದಕ್ಕೂ ಕಂಬ ತರಿಸುವಷ್ಟರಲ್ಲಿ ಇನ್ನಿಬ್ಬರು ನೇಕಾರರು ಆಸೆಯಿಂದ ಬಂದು ನಿಂತರು. ಕಂಬ ವಾಪಸು ಕಳಿಸಿದೆ.

ಆಗ ಪುಟ್ಟಮ್ಮಜ್ಜಿ ಬಂದಳು. "ಇಡ್ಕಳಕೆ ಏನೈತೆ ಮಗಾ?"

"ನಾನಿದ್ದೇನೆ ಅಜ್ಜಿ" ಎಂದು ಹೊಸ ಹಲಗೆಯ ಪಕ್ಕದಲ್ಲೇ ಗುಂಡಿಗೆ ಇಳಿದು ನಿಂತೆ.

ಅಜ್ಜಿ ನನ್ನ ರುಮಾಲು ಹಿಡಿದಳು. ಅದು ಬಿಚ್ಚಿಕೊಂಡಿತು. ಕಿವಿ ಹಿಡಿದಳು.

"ಅಲ್ಲಾಡ್‌ಬ್ಯಾಡ ಕಣ್ಲಾ!"

ಅವಳ ಹಿಂದೆ ಸಾಲು ನಿಂತಿತು. ನಾನು ಮೇಲೆ ಬರುವ ಮಾತೇ ಇಲ್ಲ. ಅದೇ ಹೊತ್ತಿಗೆ ಇಂಜಿನಿಯರು ಬಂದರು. ಭದ್ರವಾದ ಕಂಬಗಳ ನಡುವೆ ಸುಖವಾಗಿ ಮಲಗಿದ್ದ ರೇಷ್ಮೆಯನ್ನು ನೋಡಿದರು. ಬೋಳು ಹಲಗೆಯನ್ನು ನೋಡಿದರು. ಜನಕ್ಕೆ ಆಸರೆ ಎಲ್ಲಿ ಎಂದು ತಮಿಳಿನಲ್ಲಿ ಕೇಳಿದರು.

"ನಾನೇ ಸಾರ್" ಎಂದೆ.

ಅವರು ನಗಲಿಲ್ಲ. ನನ್ನ ತಲೆಯ ಮೇಲೆ ಕೈಯೂರಿ ಆಚೆಗೆ ದಾಟಿದರು, ಈಚೆಗೂ ದಾಟಿದರು. ಗಟ್ಟಿಯಾಗಿದೆ, ಮೋರಿ ಮುಗಿಯುವವರೆಗೆ ಇದನ್ನು ಕೀಳಕೂಡದು ಎಂದು ಅಪ್ಪಣೆ ಮಾಡಿ ಕಾರು ಹತ್ತಿದರು.

ಮನೆಗೆ ಹೋದಾಗ ಹೆಂಡತಿ ನನ್ನ ಕೆಂಪಾದ ಕಿವಿಯನ್ನೂ ಕೆಸರಾದ ಪಂಚೆಯನ್ನೂ ನೋಡಿದಳು.

"ಕಾಯಂ ಆಯ್ತೇನ್ರೀ?"

"ಮೋರಿ ಮುಗಿಯುವ ತನಕ ಆಯಿತು."

"ಏನಂತ?"

"ಕಂಬ ಅಂತ."