ಅಂಗಡಿಗೆ ಸೀಲು, ಒಳಗೆ ಮಾಲೀಕ

ಪುರಸಭೆಯ ತೆರಿಗೆ ನೋಟಿಸುಗಳು ಹತ್ತಿಯಣ್ಣನಿಗೆ ಬಹಳ ಉಪಯೋಗಕ್ಕೆ ಬಂದಿದ್ದವು. ಅಲುಗಾಡುತ್ತಿದ್ದ ಮಂಚದ ಕಾಲಿನಡಿ ಅವನ್ನು ಮಡಿಸಿ ಇಟ್ಟಿದ್ದ. ಹಾಸಿಗೆ ಅಂಗಡಿಯವನಾದ್ದರಿಂದ ಬೀದಿಯವರು ಅವನಿಗೆ ಆ ಹೆಸರಿಟ್ಟಿದ್ದರು. ಕಟ್ಟಡದ ತೆರಿಗೆ ಕಟ್ಟಬೇಕೆಂದು ಗೊತ್ತಿರಲಿಲ್ಲವೆಂದೇನಲ್ಲ. ನಾಳೆ ಕಟ್ಟಿದರಾಯಿತು ಎನ್ನುತ್ತಲೇ ವರ್ಷಗಳು ಉರುಳಿದ್ದವು. ಇಷ್ಟು ಮೆತ್ತಗಿನ ಸರಕು ಮಾರುವವನಿಗೆ ಗಟ್ಟಿ ಮನಸ್ಸು ಎಲ್ಲಿಂದ ಬರಬೇಕು ಎಂದು ತನ್ನನ್ನು ತಾನೇ ಆಡಿಕೊಳ್ಳುತ್ತಿದ್ದ.

ಅವತ್ತು ಬೆಳಿಗ್ಗೆ ತೆರಿಗೆ ಸಾಹೇಬರು ಬೀದಿಯ ತಿರುವಿನಲ್ಲಿ ಕಾಣಿಸಿದ್ದೇ ತಡ, ಹತ್ತಿಯಣ್ಣ ಪಕ್ಕದ ಕೀಲಿಕೈ ಮಾಡುವವನ ಬಳಿಗೆ ಓಡಿದ.

"ನಾನು ಒಳಗಿರ್ತೀನಿ. ನೀನು ಷಟರ್ ಎಳೆದು ಹೊರಗಿಂದ ಬೀಗ ಹಾಕಪ್ಪ. ಕೇಳಿದ್ರೆ ಊರಲ್ಲಿಲ್ಲ ಅನ್ನು."

"ಎಲ್ಲಿಗೆ ಹೋಗಿದಾರೆ ಅನ್ಲಿ?"

"ಎಲ್ಲಿಗಾದ್ರೂ ಕಳಿಸು. ನೀನು ಹೇಳಿದ ಕಡೆ ಹೋಗ್ತೀನಿ."

ಷಟರ್ ಇಳಿಯಿತು. ಕತ್ತಲಲ್ಲಿ ತಡವುತ್ತಾ ಹೋಗಿ, ಅಂಗಡಿಯ ಅತ್ಯಂತ ದುಬಾರಿ ಹಾಸಿಗೆಯ ಮೇಲೆ ಉಸಿರು ಬಿಗಿಹಿಡಿದು ಮಲಗಿದ. ಇಷ್ಟು ವರ್ಷ ಗಿರಾಕಿಗಳಿಗೆ ಹೇಳಿದ ಸುಳ್ಳುಗಳಲ್ಲಿ ಒಂದಾದರೂ ನಿಜವೆಂದು ಆಗ ತಿಳಿಯಿತು. ಬೆನ್ನು ತಾಗಿದ್ದೊಂದೇ ನೆನಪು.

ಎಚ್ಚರವಾದಾಗ ಕೀಲಿಕೈಯವನು ಹೊರಗಿನಿಂದ ಷಟರ್ ಬಡಿಯುತ್ತಿದ್ದ. "ಅಣ್ಣಾ, ಸಾಹೇಬರು ಹೋದ್ರು."

"ಹಾಗಾದ್ರೆ ಬೀಗ ತೆಗಿ."

"ನಮ್ಮ ಬೀಗ ತೆಗೀಬಹುದು. ಅವರದೂ ಒಂದು ಹಾಕಿದಾರೆ. ಮೇಲೆ ಅರಗಿನ ಸೀಲು. ಅದನ್ನ ಮುಟ್ಟಿದ್ರೆ ನನ್ನ ಅಂಗಡೀನೂ ಮುಚ್ಚಿಸ್ತಾರೆ."

"ನೀನೇನು ಹೇಳಿದೆ ಅವರಿಗೆ?"

"ಅಣ್ಣ ಒಂದು ತಿಂಗಳು ಬರಲ್ಲ ಅಂದೆ. ಹಾಗಾದ್ರೆ ಯಾರಿಗೂ ತೊಂದರೆ ಇಲ್ಲ ಬಿಡು ಅಂತ ಸೀಲು ಹಾಕಿದ್ರು."

ಬೇರೆ ದಾರಿಯಿಲ್ಲದೆ ಹತ್ತಿಯಣ್ಣ ಹೆಂಡತಿಗೆ ಫೋನು ಮಾಡಿ, ಎಲ್ಲವನ್ನೂ ಒದರಿದ.

"ನಿಮ್ಮನ್ನ ಒಂದಿನ ಒಳಗೆ ಹಾಕ್ತಾರೆ ಅಂತ ನಮ್ಮಣ್ಣ ಮದುವೆಗೆ ಮುಂಚೇನೇ ಹೇಳಿದ್ದ. ಯಾರಿಗೂ ಕಷ್ಟ ಕೊಡದೆ ನೀವೇ ಹೋಗಿ ಕೂತಿದೀರಿ. ದುಡ್ಡು ಹೊಂದಿಸಿ ಕಟ್ಟಿ ಬರ್ತೀನಿ. ಅಲ್ಲೇ ಇರಿ."

"ಇನ್ನೆಲ್ಲಿಗೆ ಹೋಗ್ಲಿ," ಎಂದ ಹತ್ತಿಯಣ್ಣ.

ಸುದ್ದಿ ಬೀದಿಯೆಲ್ಲಾ ಹಬ್ಬಿತು. ಹಿಂಗೋಡೆಯ ಮೇಲ್ಭಾಗದಲ್ಲಿ ಸರಳು ಕಿತ್ತುಹೋದ, ಆದರೆ ಆಳು ತೂರಲಾರದಷ್ಟು ಸಣ್ಣ ಕಿಟಕಿಯಿತ್ತು. ಎದುರುಗಡೆಯ ಟೈಲರ್ ಅಕ್ಕ ಅಲ್ಲಿಗೆ ಏಣಿ ಹಾಕಿಸಿ, ಮೊದಲು ನೀರು, ಆಮೇಲೆ ಊಟದ ಡಬ್ಬಿ ಇಳಿಬಿಟ್ಟಳು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಒಬ್ಬರು ಕೊಟ್ಟಿದ್ದನ್ನು ನೋಡಿ ಇನ್ನೊಬ್ಬರಿಗೆ ಹುಮ್ಮಸ್ಸು. ಸೋಪು, ಟವೆಲು, ಕನ್ನಡಿ, ಚಪ್ಪಲಿ, ಬಕೆಟ್ಟು, ಕೊನೆಗೆ ಸಣ್ಣದೊಂದು ಸ್ಟೌವೂ ಹಗ್ಗದಲ್ಲಿ ತೂಗಾಡುತ್ತಾ ಬಂತು.

"ಸಾಕು ಅಕ್ಕಾ."

"ಸುಮ್ನಿರಪ್ಪ. ಕಷ್ಟದಲ್ಲಿ ಸಂಕೋಚ ಮಾಡ್ಕೋಬಾರದು."

ಅರೆಗತ್ತಲಲ್ಲಿ ಸಾರೆಲ್ಲ ಅಂಗಿ ಪ್ಯಾಂಟಿನ ಮೇಲೆ ಚೆಲ್ಲಿತು. ಅಕ್ಕ ತಕ್ಷಣ ಗಂಡನ ಪೈಜಾಮ ಇಳಿಸಿ, ಬಟ್ಟೆ ಒಣಹಾಕಲು ಹಗ್ಗವನ್ನೂ ಎಸೆದಳು. ಹತ್ತಿಯಣ್ಣ ಕಿಟಕಿಯ ಮಂದ ಬೆಳಕಿನಲ್ಲಿ ಕನ್ನಡಿ ನೋಡಿಕೊಂಡ. ಪೈಜಾಮ ಮೊಣಕಾಲಿಗಿಂತ ಸ್ವಲ್ಪವೇ ಕೆಳಗಿತ್ತು. ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಮಾಲಿನ ಹಾಗೆ ಕಾಣುತ್ತಿದ್ದ.

ಸಂಜೆ ಹೆಂಡತಿ ರಸೀದಿ ಹಿಡಿದು ಸಾಹೇಬರನ್ನು ಕರೆತಂದಳು. ಷಟರ್ ಮೇಲೇರಿತು. ಸಾಹೇಬರು ಅಲ್ಲೇ ನಿಂತರು. ಮಡಿಕೆ ಬಿದ್ದ ಹಾಸಿಗೆ, ಕೆಳಗೆ ಚಪ್ಪಲಿ, ಹಗ್ಗದ ಮೇಲೆ ಅಂಗಿ, ಸ್ಟೌವಿನ ಮೇಲೆ ಕುದಿಯುವ ಟೀ, ಪಕ್ಕದಲ್ಲಿ ಗಿಡ್ಡ ಪೈಜಾಮದ ಹತ್ತಿಯಣ್ಣ.

"ಬನ್ನಿ ಸಾರ್, ಟೀ ತಗೊಳ್ಳಿ."

"ಹಳೇ ಬಾಕಿ ಚುಕ್ತಾ ಆಗಿದೆ," ಎಂದು ಸಾಹೇಬರು ಪೆನ್ನು ತೆಗೆದರು. "ಇಲ್ಲಿ ಎಷ್ಟು ದಿನದಿಂದ ವಾಸ?"

"ವಾಸ ಅಲ್ಲ ಸಾರ್, ಬೆಳಿಗ್ಗೆಯಿಂದ..."

ಅವನ ಪರದಾಟ ನೋಡಲಾಗದೆ ಟೈಲರ್ ಅಕ್ಕ ಮುಂದೆ ಬಂದಳು. "ಅವರಿಗೆ ಏನೂ ಕಡಿಮೆ ಆಗದ ಹಾಗೆ ನಾವೆಲ್ಲ ನೋಡ್ಕೊಂಡಿದೀವಿ ಸಾರ್. ಒಂದು ಸಂಸಾರಕ್ಕೆ ಬೇಕಾದ್ದೆಲ್ಲ ಇದೆ."

ಸಾಹೇಬರು ಅದನ್ನೂ ಬರೆದುಕೊಂಡರು. "ಅಂಗಡಿ ಅಂತ ಅನುಮತಿ ತಗೊಂಡು ಮನೆ ಮಾಡಿದೀರಿ. ದಂಡ ಕಟ್ಟಬೇಕು. ಇವತ್ತಿಂದ ಮನೆ ತೆರಿಗೇನೂ ಸೇರುತ್ತೆ."

ಹಾಳೆ ಹರಿದು ಹತ್ತಿಯಣ್ಣನ ಕೈಗಿತ್ತು ಹೊರಟರು. ಹೆಂಡತಿ ಅದನ್ನು ಇಸಿದುಕೊಂಡು ಎರಡು ಸಲ ಓದಿದಳು. ಆಮೇಲೆ ಅಂಗಡಿಯೊಳಗೆ ಸುತ್ತಲೂ ನೋಡಿ, ಸ್ಟೌವ್ ಆರಿಸಿದಳು.

"ಎರಡು ಮನೆಗೆ ತೆರಿಗೆ ಕಟ್ಟಿ ಒಂದನ್ನ ಯಾಕೆ ಖಾಲಿ ಬಿಡೋದು?" ಎಂದಳು. "ನೀವು ಈ ಮನೇಲೇ ಇರಿ."