ಪಿಯಾನೋ ಕಡೆಯವರು ಮನೆ ನೋಡಲು ಬಂದದ್ದು

ಸವಣೂರಿನ ಅಖ್ತರುನ್ನೀಸಾ ಬೇಗಂ ಅವರೊಡನೆ ನನ್ನ ಮೊದಲ ಸಂಭಾಷಣೆ ಏರ್ಪಟ್ಟದ್ದು ಹತ್ತಿಮತ್ತೂರಿನ ಎಲೆ ವ್ಯಾಪಾರಿ ಚನ್ನವೀರಪ್ಪನ ಮಧ್ಯಸ್ಥಿಕೆಯಿಂದ. ಅವರ ಮನೆಗೂ, ಶಿಗ್ಗಾಂವಿಯಲ್ಲಿರುವ ನಮ್ಮ ಮನೆಗೂ ವೀಳ್ಯದೆಲೆ ಕೊಡುವವನು ಆತನೇ. ಎರಡೂ ಕಡೆ ಒಳಬಾಗಿಲಿನವರೆಗೆ ಪ್ರವೇಶವಿದ್ದ ಏಕಮಾತ್ರ ರಾಯಭಾರಿ. ಬೇಗಂ ಪರದೆಯವರು. ನಾನು ಮುಂಬಯಿ ವಿದ್ಯಾಪೀಠದಲ್ಲಿ ಇತಿಹಾಸ ಓದಿ, ವಯಸ್ಸಾದವರ ಬಾಯಿಂದ ಹಿಂದಿನ ಕಾಲದ ಸಂಗತಿಗಳನ್ನು ಕೇಳಿ ಬರೆದಿಡುವ ವ್ಯಸನಕ್ಕೆ ಬಿದ್ದವನು. (ವ್ಯಸನವೆಂಬುದು ನನ್ನ ತಾಯಿ ಗೋಪಿಕಾಬಾಯಿಯ ಶಬ್ದ. ನಾನು ಅದನ್ನು ಸಂಶೋಧನೆ ಎನ್ನುತ್ತೇನೆ.) ಎಲೆಯ ಕಟ್ಟುಗಳೊಡನೆ ಸಂದೇಶಗಳು ಹೋಗಿಬಂದ ತರುವಾಯ, ಪರದೆಯ ಈಚೆ ಕುಳಿತು ಪ್ರಶ್ನೆ ಕೇಳಬಹುದೆಂದೂ, ಕೇಳಿದ್ದನ್ನೇ ತಿರುಗಿ ಕೇಳಬಾರದೆಂದೂ ಅಪ್ಪಣೆಯಾಯಿತು.

ನಾನು ಅವರ ಅಜ್ಜಿಯ ಮದುವೆಯ ಊಟದ ವಿವರವನ್ನು ಮೂರನೆಯ ಸಲ ಕೇಳುತ್ತಿದ್ದಾಗ ಗಾಳಿಗೆ ಪರದೆ ಒಂದಿಷ್ಟು ಸರಿಯಿತು. ಒಳಗೆ, ಗೋಡೆಯ ಬದಿಗೆ, ಒಂದು ಪಿಯಾನೋ ನಿಂತಿತ್ತು. ಅಂದಿನಿಂದ ನನ್ನ ಬುದ್ಧಿ ಸ್ಥಿಮಿತದಲ್ಲಿ ಉಳಿಯಲಿಲ್ಲ.

ಕಾರಣವನ್ನು ವಿವರಿಸಬೇಕು. ಆ ದಿನಗಳಲ್ಲಿ ನಾನು ಬೀಸುವ ಪದಗಳ ರಾಗಗಳನ್ನು ಸ್ವರಲಿಪಿಗೆ ಇಳಿಸುವ ಮಹಾಕಾರ್ಯದಲ್ಲಿ ತೊಡಗಿದ್ದೆ. ಮನೆಯಲ್ಲಿ ಒಂದು ಹಾರ್ಮೋನಿಯಂ ಪೇಟಿಯಿತ್ತು. ಆದರೆ ಪೇಟಿಗೆ ಗಾಳಿ ಹಾಕಲು ಒಂದು ಕೈ ಬೇಕು, ಸ್ವರ ಹಿಡಿಯಲು ಇನ್ನೊಂದು, ಬರೆದುಕೊಳ್ಳಲು ಮತ್ತೊಂದು. ವಿದ್ಯಾಪೀಠವು ನನಗೆ ಪದವಿಯನ್ನು ಕೊಟ್ಟಿತ್ತೇ ಹೊರತು ಮೂರನೆಯ ಕೈಯನ್ನು ಕೊಟ್ಟಿರಲಿಲ್ಲ. ಪಿಯಾನೋಗೆ ಗಾಳಿ ಹಾಕುವ ತೊಡಕಿಲ್ಲ. ಒಂದು ಕೈಯಿಂದ ಒತ್ತಿ ಇನ್ನೊಂದರಿಂದ ಬರೆಯಬಹುದು. ಈ ಸಿದ್ಧಾಂತವನ್ನು ನನ್ನ ಹೆಂಡತಿ ಮನೋರಮೆಯ ಮುಂದೆ ಮಂಡಿಸಿದೆ.

"ಅದಕ್ಕಂತ ಪಿಯಾನೋ?" ಎಂದಳು, ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸಿ.

"ಯಾಕ, ಬ್ಯಾಡೇನು?"

"ಬ್ಯಾಡ ಅಂದೆನೇನು? ತಂದ್ರ ಕಿಟಕಿ ಮಗ್ಗಲ ಇಡಬ್ಯಾಡ್ರಿ. ಬಿಸಲು ಬಡದ್ರ ಹಲಗಿ ಸೀಳತದ, ಶ್ರುತಿ ಇಳೀತದ."

ನಾನು ಈ ಉಪಯುಕ್ತ ಮಾಹಿತಿಯನ್ನು ಕೂಡಲೇ ಬರೆದುಕೊಂಡೆ. ಆಕೆಗೆ ಅದು ಹೇಗೆ ಗೊತ್ತೆಂದು ಕೇಳಬೇಕೆನ್ನಿಸಲಿಲ್ಲ.

ತಾಯಿಯ ಆಕ್ಷೇಪ ಬೇರೆ ತೆರನಾದದ್ದು. "ಅದರಾಗ ಚರ್ಮ ಇರ್ತದೇನೋ?"

"ಒಂಚೂರು ಇರಬಹುದವ್ವಾ. ಮೃದಂಗಕ್ಕೂ ಇರ್ತದಲ್ಲ."

"ಮೃದಂಗ ಭಜನಿ ಮಾಡ್ತದ. ಇದೇನು ಮಾಡ್ತದ?"

ಇದನ್ನು ತಿಳಿಯಲು ಕ್ರಮಬದ್ಧವಾಗಿ ಮಾಹಿತಿ ಸಂಗ್ರಹಕ್ಕೆ ಹೊರಟೆ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಪಿಯಾನೋ ಕಂಡವರನ್ನೆಲ್ಲ ಹುಡುಕಿದೆ. ಹಾನಗಲ್ಲಿನ ನಿವೃತ್ತ ಶಿರಸ್ತೇದಾರರೊಬ್ಬರು ಧಾರವಾಡದಲ್ಲಿ ಸಾಹೇಬರೊಬ್ಬರ ಪಿಯಾನೋದ ಮೇಲೆ ಚಹಾದ ಕಪ್ಪು ಇಟ್ಟು ಬೈಸಿಕೊಂಡಿದ್ದರು. ಹಿರೇಕೆರೂರಿನ ಕುಬೇರಪ್ಪ ತಾರುಣ್ಯದಲ್ಲಿ ಒಂದನ್ನು ಎತ್ತಿದ್ದ; ಅದರ ನಾದದ ಗುಣವೇನೆಂದು ಕೇಳಿದರೆ ಸೊಂಟ ಹಿಡಿದು ತೋರಿಸಿದ. ಮುಂಬಯಿಯ ಅಂಗಡಿಯವರು, ಯಲವಿಗಿ ಸ್ಟೇಶನ್ನಿಗೆ ತಲುಪಿಸುವುದೇನೋ ಸರಿ, ಆದರೆ ವಿಲಾಯತಿಯಿಂದ ಮಾಲು ಬರುತ್ತಿಲ್ಲ, ಯುದ್ಧ ಮುಗಿದ ಮೇಲೆ ವಿಚಾರಿಸಿರಿ ಎಂದು ಬರೆದರು. ಯುದ್ಧವನ್ನು ಬೇಗ ಮುಗಿಸುವ ಸೌಕರ್ಯ ನನ್ನಲ್ಲಿರಲಿಲ್ಲ. ಉಳಿದದ್ದು ಸವಣೂರಿನ ಪಿಯಾನೋ ಒಂದೇ.

ಬೇಗಂ ಹೈದರಾಬಾದಿನಲ್ಲಿದ್ದ ಮಗಳು ನಸೀರಾಳ ಮನೆಗೆ ಹೋಗಿ ನೆಲೆಸುವವರಿದ್ದಾರೆಂದೂ, ಪಿಯಾನೋ ಅಲ್ಲಿಗೆ ಹೋಗುವುದಿಲ್ಲವೆಂದೂ ಚನ್ನವೀರಪ್ಪ ಸುದ್ದಿ ತಂದ. ಹರ್ಷದಿಂದ ಕೇಳಿ ಕಳಿಸಿದೆ. ಎಲೆಯ ಕಟ್ಟಿನೊಡನೆ ಉತ್ತರ ಬಂತು.

"ಕೊಡ್ತಾರಂತರಿ. ಆದರ ಮದಲ ಮನಿ ನೋಡಾಕ ಬರ್ತಾರಂತ."

"ಯಾರ ಮನಿ?"

"ನಿಮ್ಮ ಮನಿರಿ ರಾಯರ. ಹೆಣ್ಣು ಕೊಡೋರು ಮನಿ ನೋಡದ ಕೊಡ್ತಾರೇನ್ರಿ?"

"ಅದು ಹೆಣ್ಣಲ್ಲೋ, ಪಿಯಾನೋ."

"ನನಗ್ಯಾಕ ಹೇಳ್ತೀರಿ? ಅವರಿಗೆ ಹೇಳ್ರಿ," ಎಂದು ಚನ್ನವೀರಪ್ಪ ಎಲೆ ಎಣಿಸತೊಡಗಿದ.

ತಾಯಿಗೆ ಮಾತ್ರ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಚರ್ಮದ ಪ್ರಶ್ನೆಯನ್ನು ಬದಿಗಿಟ್ಟು ಮನೆ ಸಾರಿಸಿದರು. ಬೀಗರು ಬರುವ ಮನೆಯ ಜೇಡರಬಲೆ ತಮ್ಮ ಮಾನದ ಪ್ರಶ್ನೆಯೆಂದರು. ಬೇಗಂ ಹಾಲು-ಹಣ್ಣು ತೆಗೆದುಕೊಳ್ಳಬಹುದೆಂದು ತೀರ್ಮಾನಿಸಿದರು; ಪರದೆಯವರು ಬರುತ್ತಾರೆಂದು ಪಡಸಾಲೆಗೆ ಅಡ್ಡಲಾಗಿ ತಮ್ಮ ಹಳೆಯ ಇಳಕಲ್ ಸೀರೆಯನ್ನು ಕಟ್ಟಿದರು. ಹೀಗಾಗಿ ನಿಶ್ಚಿತ ದಿನದಂದು ನಾನು ನನ್ನದೇ ಮನೆಯಲ್ಲಿ ಪರದೆಯ ಹೊರಗೆ, ಮುಖ್ಯ ಸಾಕ್ಷಿದಾರನ ಸ್ಥಾನದಲ್ಲಿ ಕುಳಿತೆ. ಮುಚ್ಚಿದ ಚಕ್ಕಡಿಯಿಂದ ಬೇಗಂ ಇಳಿದು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದ ಸದ್ದು ಕೇಳಿಸಿತು. ಗೋಡೆ ತಟ್ಟಿ ನೋಡಿದ್ದೂ ಕೇಳಿಸಿತು.

"ಗೆದ್ದಲ ಐತೇನು?"

"ಇಲ್ರಿ."

"ಇಲಿ?"

"ಇಲಿ..." ಎಂದು ನಾನು ಪ್ರಾಮಾಣಿಕತೆಗೂ ಅಗತ್ಯಕ್ಕೂ ನಡುವೆ ತಡವರಿಸಿದೆ. ತಾಯಿ, "ಬೆಕ್ಕದರಿ," ಎಂದು ಪಾರುಮಾಡಿದರು.

"ರಾಯರ, ನೀವು ಎಷ್ಟು ದಿನದಿಂದ ಪಿಯಾನೋ ನುಡಸ್ತೀರಿ?"

"ನಾ ನುಡಸೂದಿಲ್ರಿ. ಹಾಡಿನ ಸ್ವರ ಒಂದೊಂದ ಒತ್ತಿ ನೋಡ್ತೇನಿ."

"ಎಷ್ಟು ಬೆರಳಿನಿಂದ?"

"ಒಂದ ಸಾಕ್ರಿ. ಇನ್ನೊಂದು ಕೈಯಾಗ ಪೆನ್ಸಿಲ್ ಇರ್ತದ."

ಪರದೆಯಾಚೆ ಬೇಗಂ ಎದ್ದು ನಿಂತ ಸದ್ದಾಯಿತು. ನನ್ನ ವೃತ್ತಿಯಲ್ಲಿ ಇಂಥ ಸದ್ದುಗಳಿಗೆ ಅರ್ಥವಿರುತ್ತದೆ. ಅಂದು ಅರ್ಥವಾಗದಿದ್ದರೆ ಚೆನ್ನಾಗಿತ್ತು.

"ಹತ್ತು ಬೆರಳಿನ ಸಾಮಾನ ಒಂದು ಬೆರಳಿಗೆ ಹೆಂಗ ಕೊಡ್ಲಿ?" ಎಂದರು ಬೇಗಂ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನಮ್ಮವರು ಅದನ್ನ ತಂದ ದಿನ ನಾ ಸವತಿ ಬಂದ್ಲು ಅಂತ ಅತ್ತಿದ್ದೆ. ಅವರ ನನಗ ನುಡಸೂದು ಕಲಿಸಿದ್ರು. ಅವರು ಹೋದ ಮ್ಯಾಲ ಆ ಸವತಿ ಮಗಳಾಗಿ ಉಳದ್ಲು. ನನ್ನ ಬೆರಳ ಈಗ ಮಡಚಾಕ ಬರೂದಿಲ್ಲ. ಖಾಲಿ ನಿಂದ್ರಾಕ ಒಂದು ಮನಿ ಬೇಕಾಗಿದ್ರ ಸವಣೂರಾಗ ಇತ್ತು. ಬರ್ತೇನಿ, ಬಾಯಿಯವರ."

ಸಂಬಂಧ ಮುರಿಯಿತು. ಅಷ್ಟರಲ್ಲಿ ಹಾಲು-ಹಣ್ಣಿನ ತಟ್ಟೆ ಕೆಳಗಿಟ್ಟ ಸದ್ದು, ಅದರ ಹಿಂದೆ ಮನೋರಮೆಯ ದನಿ.

"ಕೂಡ್ರಿ, ಬೇಗಂ ಸಾಹೇಬರ. ನನಗ... ನನಗ ಬರ್ತದರಿ."

"ಏನು ಬರ್ತದ?" ಎಂದು ನಾನು ಈಚೆಯಿಂದ ಕೇಳಿದೆ.

ಮುಂದೆ ನಡೆದದ್ದು ನನಗೆ ಕಾಣಲೂ ಇಲ್ಲ, ಕೇಳಿಸಲೂ ಇಲ್ಲ. ಕೇಳುವುದನ್ನೇ ವಿದ್ಯೆಯಾಗಿ ಕಲಿತವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಕೊನೆಗೆ ತಡೆಯಲಾರದೆ, "ಅವ್ವಾ, ಏನು ನಡದದ?" ಎಂದೆ.

"ನಿನ್ನ ಬರಿಯೋ ಮೇಜಿನ ಮ್ಯಾಲ ಬೆರಳು ಓಡಸ್ಲಿಕ್ಹತ್ಯಾಳೋ. ಎರಡೂ ಕೈಲೆ."

"ಸಪ್ಪಳಿಲ್ಲಲ್ಲ?"

"ನಿನಗ ಕೇಳಸೂದಿಲ್ಲ. ಅವರು ಗೋಣು ಹಾಕ್ಲಿಕ್ಹತ್ಯಾರ."

ಸಪ್ಪಳವಿಲ್ಲದ ಆ ಸಂಗೀತ ಮುಗಿದ ಮೇಲೆ ಬೇಗಂ ಮೂಗಿನಲ್ಲಿ ಒಂದು ಧಾಟಿ ಗುನುಗಿ, "ಎಡಗೈ ಅವಸರ ಮಾಡ್ತೈತಿ ಬೇಟಿ. ಎಲ್ಲಿ ಕಲ್ತಿ?" ಎಂದರು.

ಆಗ ಸಂಗತಿ ಹೊರಬಂತು. ಮನೋರಮೆಯ ತಂದೆ ಹುಬ್ಬಳ್ಳಿಯಲ್ಲಿ ತಂತಿ ಸಂದೇಶ ಕಳಿಸುವ ರೈಲ್ವೆಯ ತಾರ್ ಮಾಸ್ತರರು. ಪಕ್ಕದ ಕ್ವಾರ್ಟರ್ಸಿನ ಗಾರ್ಡ್ ಸಾಹೇಬರ ಹೆಂಡತಿ ಈಕೆಗೆ ಚಿಕ್ಕಂದಿನಿಂದ ಮದುವೆಯವರೆಗೂ ಪಿಯಾನೋ ಕಲಿಸಿದ್ದರು. ಕನ್ಯೆ ನೋಡಲು ನಾವು ಹೋದಾಗ, ಹುಡುಗಿ ಅರ್ಧ ಕಿರಿಸ್ತಾನಳಾಗಿದ್ದಾಳೆ ಎಂದಾರೆಂದು ತಂದೆ ಆಕೆಯ ಬಾಯಿ ಕಟ್ಟಿದ್ದರು.

"ಹಂಗ್ಯಾಕ ಅಂತಿದ್ವಿ ನಾವು?" ಎಂದು ತಾಯಿ ರೇಗಿದರು. ಆಮೇಲೆ ಮೆತ್ತಗೆ, "ಅಂತಿದ್ದೆ ಅನಸ್ತದ, ಆವಾಗ," ಎಂದರು.

"ನನಗರೆ ಹೇಳಬೇಕಾಗಿತ್ತಲ್ಲ," ಎಂದೆ ನಾನು ಸೀರೆಯ ಅಂಚಿಗೆ.

"ನೀವು ಕೇಳಿದ್ದಿಲ್ಲಲ್ರಿ," ಎಂದಳು ಮನೋರಮೆ. ಅದರಲ್ಲಿ ಚುಚ್ಚುವ ಧಾಟಿಯಿರಲಿಲ್ಲ, ಇದ್ದಿದ್ದರೆ ಜಗಳಾಡಬಹುದಿತ್ತು.

"ನನ್ನ ಅಜ್ಜಿ ನಿಕಾಹಿನಾಗ ಏನು ಬಡಿಸಿದ್ರು ಅಂತ ಮೂರು ಸಲ ಕೇಳ್ಯಾರ," ಎಂದು ಬೇಗಂ ತಾಯಿಗೆ ಹೇಳಿದರು. ಇಬ್ಬರೂ ಬಹಳ ಹೊತ್ತು ನಕ್ಕರು.

ಕರಾರು ಅಲ್ಲಿಯೇ ಆಯಿತು. ಪಿಯಾನೋ ಮನೋರಮೆಯ ಹೆಸರಿಗೆ. ಅದರ ಮೇಲೆ ಕಪ್ಪು, ತಟ್ಟೆ, ಪುಸ್ತಕ, ಪೆನ್ಸಿಲ್ ಇಡಕೂಡದು. ರಾಯರು ಸ್ವರ ಒತ್ತಿ ನೋಡಬೇಕಾದರೆ ಆಕೆಯನ್ನು ಕೇಳಿ, ಆಕೆಗೆ ಬಿಡುವಿದ್ದಾಗ ಒತ್ತಬೇಕು. ನನ್ನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಎಲೆ ಹೇರುವ ಚಕ್ಕಡಿಯಲ್ಲಿ, ಹುಲ್ಲಿನ ಮೆತ್ತೆಯ ಮೇಲೆ, ಉಡಚಪ್ಪನೆಂಬ ಗಾಡಿಯವನು ಅದನ್ನು ತಂದಿಳಿಸಿದ. ತಾಯಿ ಬಾಗಿಲಲ್ಲಿ ಒಂದು ಕೈಯಲ್ಲಿ ಶುದ್ಧಿಯ ನೀರು, ಇನ್ನೊಂದರಲ್ಲಿ ಆರತಿ ಹಿಡಿದು ನಿಂತಿದ್ದರು. ಮನೋರಮೆ, "ನೀರು ತಾಕಿದ್ರ ತಂತಿ ಜಂಗು ಹಿಡೀತದರಿ," ಎನ್ನಲು ಆರತಿಯೊಂದೇ ಆಯಿತು. ಆಕೆ ಮುಚ್ಚಳ ತೆಗೆದು ಕುಳಿತಳು. ನಾನು ಕೆಲಸಕ್ಕೆ ಸಿದ್ಧನಾಗಿ ಪಕ್ಕದಲ್ಲಿ ನಿಂತು, ನನ್ನ ಸಂಗ್ರಹದಲ್ಲಿ ಮೊದಲೇ ಇರಬೇಕಾಗಿದ್ದ ಸಂದರ್ಶನವನ್ನು ಆರಂಭಿಸಿದೆ. ಅಂದಿನ ದಾಖಲೆ ಹೀಗಿದೆ:

ಶಿಗ್ಗಾಂವಿ, ೯ ಮಾರ್ಚ್ ೧೯೪೧, ರವಿವಾರ. ನಿರೂಪಕಿ: ಸೌ. ಮನೋರಮಾಬಾಯಿ. ಪ್ರಶ್ನೆ: ಈಗ ನುಡಿಸುತ್ತಿರುವುದು ಯಾವುದು? ಉತ್ತರ: "ಸುಮ್ಮ ಕುಂತು ಕೇಳ್ರಿ."