ಜಗಲಿ ಏರಿದ ಹೆರಿಗೆ ಡಬ್ಬಿ

ಅಂದು ಭಾಲ್ಕಿಯ ದವಾಖಾನೆಯ ಪಡಸಾಲೆಯಲ್ಲಿ ನಾವು ಮೂವರಿದ್ದೆವು. ಕುರ್ಚಿಯ ಮೇಲೆ ಡಾಕ್ಟರ್ ಸಾಹೇಬರು, ನೆಲದ ಮೇಲೆ ಹಲಬರ್ಗಾದ ಸೂಲಗಿತ್ತಿ ಗಂಗವ್ವ, ಇಬ್ಬರ ನಡುವೆ ಸ್ಟೂಲಿನ ಮೇಲೆ ದವಾಖಾನೆಯ ಗುಮಾಸ್ತನಾದ ನಾನು. ಎದುರಿಗೆ ಒಂದು ತಗಡಿನ ಡಬ್ಬಿ. ಬುದ್ಧಿವಂತಿಕೆಯಲ್ಲಿ ಯಾರಿಗೆ ಯಾವ ಸ್ಥಾನ ಎಂದು ಇಂದು ಕೇಳಿದರೆ, ಡಬ್ಬಿಯನ್ನೂ ಸೇರಿಸಿ ನನ್ನದು ನಾಲ್ಕನೆಯದು.

ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ಮೂರು ವರ್ಷವಾಗಿತ್ತು. ದಫ್ತರದಲ್ಲಿ ನಿಜಾಮರ ಮೊಹರು ಹೋಗಿ ಹೊಸ ಮೊಹರು ಬಂದಿತ್ತು. ನಾನು ಮಾತ್ರ ಹಳೆಯ ಸ್ಟೂಲಿನ ಮೇಲೆಯೇ ಇದ್ದೆ. ಶಾಲೆಯಲ್ಲಿ ನಾನು ಕಲಿತದ್ದು ಉರ್ದು. ಕನ್ನಡ ಕಲಿತದ್ದು ಪುರಾಣ ಓದುತ್ತಿದ್ದ ಅಜ್ಜನ ಮಗ್ಗುಲಲ್ಲಿ ಕುಳಿತು. ಹೀಗಾಗಿ ಕನ್ನಡ ಬರೆಯಲು ಕುಳಿತರೆ ನನ್ನ ಲೇಖನಿಯಿಂದ ಪುರಾಣವೇ ಇಳಿಯುತ್ತಿತ್ತು. ಮುಂದಿನ ಅನಾಹುತದಲ್ಲಿ ಅಜ್ಜನ ಪಾಲೂ ಸ್ವಲ್ಪ ಇದೆ.

ಡಬ್ಬಿಯ ವಿಷಯ ಹೇಳುತ್ತೇನೆ. ನಮ್ಮ ಕಡೆ ಕೂಸು ಹುಟ್ಟಿದರೆ ಹೊಕ್ಕುಳ ಬಳ್ಳಿ ಕೊಯ್ಯುವುದು ಮನೆಯ ಕುಡುಗೋಲಿನಿಂದ. ಬೆಳಿಗ್ಗೆ ಜೋಳದ ಕಣಿಕೆ ಕೊಯ್ದ ಕುಡುಗೋಲೇ ಮಧ್ಯಾಹ್ನ ಈ ಕೆಲಸಕ್ಕೂ ಬರುತ್ತಿತ್ತು. ಮೇಲೆ ಒಂದು ಚಿಟಿಕೆ ಬೂದಿ. ಎಂಟು ದಿನದೊಳಗೆ ಕೆಲವು ಕೂಸುಗಳು ಸೆಟೆದುಕೊಂಡು, ಬಾಯಿ ಕಚ್ಚಿ ಹೋಗಿಬಿಡುತ್ತಿದ್ದವು. ನಮ್ಮ ಅಕ್ಕನ ಎರಡು ಕೂಸು ಹಾಗೇ ಹೋಗಿದ್ದವು. ಬಾಲಗ್ರಹ ಎಂದು ಎಲ್ಲರೂ ಕೈಮುಗಿದಿದ್ದರು.

ದವಾಖಾನೆಯ ನರ್ಸಬಾಯಿ ಒಂದು ಮಳೆಗಾಲವೆಲ್ಲ ಹಲಬರ್ಗಾಕ್ಕೆ ಹೋಗಿ ಬಂದು ಗಂಗವ್ವನಿಗೆ ಕಲಿಸಿದ್ದರು. ಡಬ್ಬಿಯಲ್ಲಿ ಒಂದು ಬ್ಲೇಡು, ದಾರ, ಸಾಬೂನು, ಒಗೆದ ಬಟ್ಟೆ. ಬ್ಲೇಡು, ದಾರ ಕುದಿಸಬೇಕು, ಕೈ ತೊಳೆಯಬೇಕು, ಬೂದಿ ಹಚ್ಚಬಾರದು. ಇಷ್ಟೇ! ಅಂದಿನಿಂದ ಗಂಗವ್ವನ ಕೈಯಲ್ಲಿ ಹುಟ್ಟಿದ ಒಂದು ಕೂಸೂ ಹಾಗೆ ಹೋಗಿರಲಿಲ್ಲ.

"ಮುನ್ಷಿಜೀ, ಈ ಕಾಮ್ ಔರಾದ ಕಡೀನೂ ಆಗಬೇಕು" ಎಂದರು ಸಾಹೇಬರು. "ಅದು ನಿಮ್ಮ ಸಸುರಾಲ್, ಹೆಂಡತಿ ಊರು. ನೀವೇ ಹೋಗ್ರಿ."

"ನಾನೂ ಬರ್ತೇನ್ರಿ ಮುನ್ಷಿ ಸಾಹೇಬ್ರ" ಎಂದಳು ಗಂಗವ್ವ.

"ನೀ ಯಾಕ? ಡಬ್ಬಿ ಇದ್ರ ಸಾಕು."

ಗಂಗವ್ವ ನನ್ನನ್ನೂ ಡಬ್ಬಿಯನ್ನೂ ಒಮ್ಮೆ ನೋಡಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

ನಾನು ಇಪ್ಪತ್ತು ಡಬ್ಬಿ ಮಾಡಿಸಿದೆ. ಒಂದೊಂದರಲ್ಲೂ ಸ್ವಹಸ್ತದಿಂದ ಬರೆದ ನಿಯಮಾವಳಿ ಇಟ್ಟೆ. 'ಎಲೌ ಸೂಲಗಿತ್ತಿಯೇ ಕೇಳು! ನಾಭಿನಾಳವನ್ನು ಛೇದಿಸುವ ಮುನ್ನ ಆಯುಧವನ್ನು ಉದಕದಲ್ಲಿ ಕುದಿಸತಕ್ಕದ್ದು' ಎಂದು ಮೊದಲಾಗುವ ಏಳು ನಿಯಮಗಳು. ಓದಿ ನಾನೇ ಪುಳಕಗೊಂಡೆ. ಸೂಲಗಿತ್ತಿಯರಲ್ಲಿ ಓದು ಬಲ್ಲವರು ಒಬ್ಬರೂ ಇಲ್ಲ ಎಂಬುದು ಮಾತ್ರ ಹೊಳೆಯಲಿಲ್ಲ.

ಸಭೆ ಸೇರಿದ್ದು ಔರಾದ ಹತ್ತಿರದ ನನ್ನ ಹೆಂಡತಿಯ ತವರಿನ ಅಂಗಳದಲ್ಲಿ. ಸುತ್ತಲಿನ ಹಳ್ಳಿಗಳಿಂದ ಇಪ್ಪತ್ತು ಸೂಲಗಿತ್ತಿಯರು ಬಂದಿದ್ದರು. ಆ ಊರಿನ ರುಕ್ಮವ್ವ ಅವರಲ್ಲಿ ಹಿರಿಯಳು. ನಾನು ಗಂಟಲು ಸರಿಮಾಡಿಕೊಂಡು ಎದ್ದು ನಿಂತೆ. ಮುಂದೆ ನೋಡಿದೆ. ಮೊದಲ ಸಾಲಿನಲ್ಲಿ, ಕಂಬಳಿಯ ಮೇಲೆ, ನನ್ನ ಅತ್ತೆಯವರು ಕುಳಿತಿದ್ದರು!

ಅತ್ತೆಯ ಮುಂದೆ ಅಳಿಯನಾದವನು ಹೆರಿಗೆಯ ಮಾತು ಹೇಗೆ ಆಡಬೇಕು? ಮದುವೆಯಾದಾಗಿನಿಂದ ಅವರ ಎದುರಿಗೆ ನಾನು "ಇನ್ನೊಂದು ರೊಟ್ಟಿ ಸಾಕ್ರಿ" ಎಂಬುದಕ್ಕಿಂತ ದೊಡ್ಡ ವಾಕ್ಯ ಹೇಳಿರಲಿಲ್ಲ. ಹೊಕ್ಕುಳ ಎಂಬ ಶಬ್ದ ನಾಲಿಗೆಯ ತುದಿಗೆ ಬಂತು, ಸೆರಗು ಸರಿಮಾಡಿಕೊಳ್ಳುತ್ತಿದ್ದ ಅತ್ತೆಯನ್ನು ನೋಡಿತು, ತಿರುಗಿ ಹೊಟ್ಟೆಗೆ ಹೋಯಿತು.

ಆದರೆ ಭಾಷಣ ನಿಲ್ಲಬಾರದಲ್ಲ! ಡಬ್ಬಿಯನ್ನು ಎತ್ತಿ ಹಿಡಿದೆ.

"ತಾಯಂದಿರ, ಇದು ಬರೇ ತಗಡ ಅಲ್ಲ. ಸಾಕ್ಷಾತ್ ದೇವಿ ಅಂತ ತಿಳೀರಿ! ಜ್ವಾಕಿ ಮಾಡ್ರಿ. ಹುಡುಗ್ರ ಕೈಗೆ ಕೊಡಬ್ಯಾಡ್ರಿ. ಉಳದದ್ದು... ಉಳದದ್ದು ಒಳಗ ಕಾಗದದಾಗ ಅದ."

ಅಷ್ಟಕ್ಕೇ ಬಿಟ್ಟಿದ್ದರೂ ಬದುಕುತ್ತಿದ್ದೆ. ಉತ್ಸಾಹ ಹೆಚ್ಚಾಗಿ ಕುಂಕುಮ ತರಿಸಿ ಇಪ್ಪತ್ತೂ ಡಬ್ಬಿಗಳಿಗೆ ಹಚ್ಚಿದೆ. ಕಾಯಿ ಒಡೆದು ನೀರು ಚಿಮುಕಿಸಿದೆ. ರುಕ್ಮವ್ವ ಎರಡೂ ಕೈಯಿಂದ ಡಬ್ಬಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಸುಧಾರಣೆ ಎಂದರೆ ಇದು!

ಮನೆಗೆ ಬಂದು ಹೆಂಡತಿ ನೀಲಮ್ಮನಿಗೆ ಎಲ್ಲ ವರ್ಣಿಸಿದೆ. ಅವಳಿಗೆ ಆಗ ಆರು ತಿಂಗಳು.

"ಡಬ್ಬಿ ಕೊಟ್ಟೀರಿ ಖರೇ. ಹ್ಯಾಂಗ ಮಾಡಬೇಕಂತ ಹೇಳಿದ್ರೇನ್ರಿ?"

"ಕಾಗದದಾಗ ಬರದೀನಿ."

"ಓದವ್ರು ಯಾರು?"

"ಯಾರರ ಓದಿ ಹೇಳ್ತಾರ ಬಿಡು."

ಎರಡು ತಿಂಗಳ ನಂತರ ಬಾಣಂತನಕ್ಕೆಂದು ಅವಳನ್ನು ತವರಿಗೆ ಬಿಟ್ಟುಬಂದೆ. ಔರಾದ ಕಡೆಯಿಂದ ಬಂದವರನ್ನು ಡಬ್ಬಿ ಹೇಗಿವೆ ಎಂದು ಕೇಳುತ್ತಿದ್ದೆ. ಎಲ್ಲರೂ "ಭಾಳ ಚಂದ ಇಟ್ಟಾರ್ರಿ" ಎಂದೇ ಹೇಳಿದರು. ಸಾಹೇಬರಿಗೆ ವರದಿ ಬರೆದೆ: 'ಒಂದು ಡಬ್ಬಿಯೂ ಹಾಳಾಗಿಲ್ಲ. ಒಂದು ಬ್ಲೇಡೂ ಸವೆದಿಲ್ಲ. ಸಾಬೂನು ಮೊದಲಿನಂತೆಯೇ ಇದೆ.' ಇದನ್ನು ಪಡಸಾಲೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದಾಗ, ಯಾವುದೋ ಕೆಲಸಕ್ಕೆ ಬಂದಿದ್ದ ಗಂಗವ್ವ ಬಾಯಲ್ಲಿದ್ದ ಎಲೆ ಉಗುಳಿ ಬಂದಳು.

"ಸಾಬಾಣ ಮೊದಲಿನಂಗೇ ಅದ ಅಂದ್ರ, ಕೈ ಯಾರು ತೊಳಕೊಂಡ್ರು ಮುನ್ಷಿ ಸಾಹೇಬ್ರ? ನನ್ನ ಡಬ್ಬಿ ನೋಡ್ರಿ, ಮಸಿ ಹಿಡದು ಕರ್ರಗಾಗ್ಯದ. ಒಲಿ ಪಕ್ಕಕ್ಕೇ ಇರ್ತದ ಅದು, ಚಹಾಪುಡಿ ಜೋಡಿ."

ವರದಿಯನ್ನು ಮಡಿಚಿ ಕಿಸೆಗೆ ಹಾಕಿದೆ. ಅಂದೇ ರಜೆ ಹಾಕಿ ಔರಾದ ಹಾದಿ ಹಿಡಿದೆ.

ಮರುದಿನ ಬಿಸಿಲೇರುವ ಹೊತ್ತಿಗೆ ಬೀಗರ ಮನೆ ಮುಟ್ಟಿದೆ. ಬಾಗಿಲಲ್ಲೇ ಅತ್ತೆ.

"ಬಂದ್ರೇನ್ರಿ ಅಳಿಯಂದ್ರ? ಛಲೋ ಆತು. ನೀಲಾಗ ಮುಂಜಾನಿಂದ ಬ್ಯಾನಿ ಹತ್ಯಾವ."

ಒಳಗೆ ನೋಡಿದೆ. ದೇವರನ್ನಿಡುವ ಜಗಲಿಯ ಮೇಲೆ, ದೇವರ ಪಕ್ಕದಲ್ಲೇ ನನ್ನ ಡಬ್ಬಿ! ಮೈತುಂಬ ಕುಂಕುಮ, ತಲೆಯ ಮೇಲೆ ಚೆಂಡುಹೂವು, ಮುಂದೆ ಊದುಬತ್ತಿ. ಅಂಗಳದ ಕಲ್ಲಿನ ಮೇಲೆ ರುಕ್ಮವ್ವ ಕುಡುಗೋಲು ಮಸೆಯುತ್ತಿದ್ದಳು!

"ರುಕ್ಮವ್ವಾ, ಡಬ್ಬಿ ಯಾಕ ತಗೊಂಡಿಲ್ಲ?"

"ಶಿವಾ ಶಿವಾ! ದೇವರ ಡಬ್ಬಿ ಹೆರಿಗಿ ಖೋಲ್ಯಾಗ ಹ್ಯಾಂಗ ಒಯ್ಯೂದ್ರಿ? ಸೂತಕ ಆಗ್ತದ. ಇದು ನನ್ನ ಡಬ್ಬೀನೇ. ನಮ್ಮ ಮನ್ಯಾಗ ಮೈಲಿಗಿ ಆಗ್ತದಂತ ನಿಮ್ಮ ಅತ್ತಿಯವ್ರ ಜಗಲಿ ಮ್ಯಾಲೇ ಇಟ್ಟೀನಿ."

"ಉಳದವ್ರು?"

"ಎಲ್ಲಾರೂ ಜಗಲಿ ಮ್ಯಾಲೇ ಇಟ್ಟಾರ್ರಿ. ಶುಕ್ರವಾರಕ್ಕೊಮ್ಮೆ ಲೋಬಾನದ ಹೊಗಿ ಹಾಕ್ತೀವಿ. ದೇವಿ ದಯಾ, ಈ ಮೂರು ತಿಂಗಳಾಗ ಹುಟ್ಟಿದ ಕೂಸೆಲ್ಲಾ ಗಟ್ಟಿ ಅವ. ಎಲ್ಲಾ ಡಬ್ಬೀ ಮಹಿಮಿ!"

ಆ ಕೂಸುಗಳು ಉಳಿದದ್ದು ಕೇಳಿ ಒಮ್ಮೆ ಉಸಿರು ಬಿಟ್ಟೆ. ಮರುಕ್ಷಣ ಕುಡುಗೋಲು ಕಂಡಿತು. ಅಕ್ಕನ ಎರಡು ಕೂಸು ನೆನಪಾದವು. ಜಗಲಿಯತ್ತ ಓಡಿದೆ. ಅತ್ತೆ ಅಡ್ಡ ಬಂದರು.

"ಅಳಿಯಂದ್ರ, ನೀವೇ ಕಾಯಿ ಒಡದು ದೇವಿ ಮಾಡಿದ್ರಿ. ಈಗ ನೀವೇ ಸೂತಕದಾಗ ಒಯ್ತೀರೇನು?"

ನನ್ನ ಏಳು ನಿಯಮಗಳಲ್ಲಿ ಇದಕ್ಕೆ ಒಂದೂ ಇರಲಿಲ್ಲ. ಆಗ ಒಳಗಿನ ಕೋಣೆಯಿಂದ, ಎರಡು ಬೇನೆಯ ನಡುವಿನ ಬಿಡುವಿನಲ್ಲಿ, ನೀಲಮ್ಮನ ದನಿ ಬಂತು:

"ಅವ್ವಾ! ದಿನಾ ಈಬತ್ತಿ ಹಚ್ಚಿಕೊಂತಿ, ಬಸವಣ್ಣ ಬಸವಣ್ಣ ಅಂತಿ. ಶರಣರ ಮನ್ಯಾಗ ಸೂತಕ ಎಲ್ಲಿಂದ ಬಂತು? ಆ ಡಬ್ಬಿ ತರ್ರಿ ಮೊದಲ!"

ಅತ್ತೆಯ ಕೈ ತಾನಾಗಿ ಹಣೆಯ ವಿಭೂತಿ ಮುಟ್ಟಿಕೊಂಡಿತು. ಅವರೇ ಡಬ್ಬಿ ಇಳಿಸಿದರು.

ಡಬ್ಬಿ ತೆರೆಯಲಿಲ್ಲ! ನಾನು ಚಿಮುಕಿಸಿದ ಕಾಯಿಯ ನೀರಿಗೆ ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕೊನೆಗೆ ರುಕ್ಮವ್ವ ಕುಡುಗೋಲಿನ ತುದಿ ಹಾಕಿ ಮೀಟಿದಳು. ಆ ಕುಡುಗೋಲಿಗೆ ಅಂದು ಸಿಕ್ಕ ಕೆಲಸ ಅದೊಂದೇ.

ಬ್ಲೇಡು ಇನ್ನೂ ಕಾಗದದ ಹೊದಿಕೆಯಲ್ಲಿ ಹೊಸದಾಗಿಯೇ ಇತ್ತು. ಒಲೆಯ ಮೇಲೆ ನೀರು ಕುದಿಯಿತು. ಬ್ಲೇಡು, ದಾರ ಕುದ್ದವು. ನಾನು ಹೇಳಿದಂತೆ ರುಕ್ಮವ್ವ ಸಾಬೂನು ಹಚ್ಚಿ ಕೈ ತೊಳೆದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಕೂಸಿನ ಅಳು ಕೇಳಿತು. ಹಿಂದೆಯೇ ರುಕ್ಮವ್ವನ ದನಿ: "ಮುನ್ಷಿ ಸಾಹೇಬ್ರ, ಈಗ ಬ್ಲೇಡಿಂದ ಏನ ಮಾಡ್ಲಿ?"

ನಾನು ಬಾಗಿಲ ಹೊರಗೆ. ಪಕ್ಕದಲ್ಲಿ ಅತ್ತೆ.

"ನಾಭಿ... ನಾಭಿನಾಳ..."

"ಏನಂದ್ರಿ?"

"ಛೇದನ..."

"ಕೇಳಸವಲ್ದ್ರಿ!"

ಕಣ್ಣು ಮುಚ್ಚಿಕೊಂಡು ಕೂಗಿದೆ: "ಹೊಕ್ಕಳ ಬಳ್ಳಿ! ಎರಡು ಕಡೆ ದಾರ ಬಿಗಿ! ನಡುವ ಕೊಯ್ಯಿ! ಬೂದಿ ಹಚ್ಚಬ್ಯಾಡ!"

ಓಣಿಯ ನಾಯಿ ಬೊಗಳುವುದನ್ನು ನಿಲ್ಲಿಸಿತು. ಗೋಡೆಯ ಮೇಲೆ ನೆರೆಹೊರೆಯವರ ತಲೆಗಳು ಮೂಡಿದವು. ಅತ್ತೆ ನನ್ನನ್ನೇ ನೋಡುತ್ತಿದ್ದರು.

"ಇಷ್ಟೇ ಇತ್ತೇನ್ರಿ ಅಳಿಯಂದ್ರ? ಅವತ್ತೇ ಅನ್ನಬಾರದೇನು? ನಾ ಏಳು ಹಡದಾಕಿ. ನನ್ನ ಮುಂದ ನಿಮಗ್ಯಾಕ ನಾಚಿಗಿ?"

ಮಗಳು ಹುಟ್ಟಿದ್ದಳು. ಎಂಟು ದಿನ ನಾನು ಊರು ಬಿಡಲಿಲ್ಲ. ದಿನಕ್ಕೆ ಹತ್ತು ಸಲ ಬಾಗಿಲ ಸಂದಿಯಲ್ಲಿ ನಿಂತು, ಕೂಸು ಬಾಯಿ ತೆರೆಯುತ್ತದೋ ಇಲ್ಲವೋ ಎಂದು ಕೇಳುತ್ತಿದ್ದೆ. ಒಂಬತ್ತನೆಯ ದಿನ ಬೆಳಿಗ್ಗೆ ನೀಲಮ್ಮ ಒಳಗಿನಿಂದಲೇ ಅಂದಳು: "ಬಾಯಿ ತಗದಾಳ್ರಿ. ಮುಚ್ಚವಲ್ಲಳು. ನಿಮ್ಮಂಗೇ ಭಾಷಣ ಮಾಡ್ತಾಳ. ಇನ್ನರ ಹೋಗಿ ನಿದ್ದಿ ಮಾಡ್ರಿ." ಅಂಗಳದ ಕಂಬಳಿಯ ಮೇಲೆ ಉರುಳಿದವನು ಸಂಜೆಯವರೆಗೆ ಏಳಲಿಲ್ಲ.

ಭಾಲ್ಕಿಗೆ ತಿರುಗಿ ಹೋದವನೇ ಸಾಹೇಬರ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ನಕ್ಕು ನಕ್ಕು ಕನ್ನಡಕ ಒರೆಸಿಕೊಂಡು, ಗಂಗವ್ವನನ್ನು ಔರಾದ ಕಡೆಗೆ ಕಳಿಸಿದರು. ಅವಳು ಡಬ್ಬಿ ಒಯ್ಯಲಿಲ್ಲ, ಕಾಗದ ಒಯ್ಯಲಿಲ್ಲ. ರುಕ್ಮವ್ವನ ಒಲೆಯ ಮುಂದೆ ಕುಳಿತು ಚಹಾ ಕುಡಿದಳು. "ಚಹಾ ಎರಡು ಸಲ ಉಕ್ಕೂತನಕ ಬ್ಲೇಡ ಕುದಸು" ಎಂದು ತೋರಿಸಿದಳು. ಆಮೇಲೆ ಮುಂದಿನ ಹಳ್ಳಿ, ಮುಂದಿನ ಒಲೆ. ಬೇಸಿಗೆ ಮುಗಿಯುವ ಹೊತ್ತಿಗೆ ಇಪ್ಪತ್ತೂ ಡಬ್ಬಿ ಜಗಲಿಯಿಂದ ಇಳಿದು ಒಲೆಯ ಪಕ್ಕಕ್ಕೆ ಬಂದವು. ಮಸಿಯನ್ನೂ ಹಿಡಿದವು.

ಎರಡು ವರ್ಷಕ್ಕೆ ನೀಲಮ್ಮನ ಎರಡನೆಯ ಹೆರಿಗೆಯೂ ಅಲ್ಲಿಯೇ ಆಯಿತು. ಈ ಸಲ ರುಕ್ಮವ್ವ ನನ್ನನ್ನು ಏನೂ ಕೇಳಲಿಲ್ಲ. ಕಟ್ಟಿಗೆ ಹಸಿ ಇತ್ತು, ಒಲೆ ಹತ್ತುತ್ತಿರಲಿಲ್ಲ. ಅವಳು ಡಬ್ಬಿಯ ತಳದಿಂದ ಮಡಿಚಿಟ್ಟ ಒಂದು ಕಾಗದ ತೆಗೆದು ನನ್ನ ಕೈಗಿತ್ತಳು. 'ಎಲೌ ಸೂಲಗಿತ್ತಿಯೇ ಕೇಳು' ಎಂಬ ಸಾಲು ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು.

"ಇದು ಒಣಗ್ಯದ ನೋಡ್ರಿ. ಒಲಿ ಹಚ್ಚರಿ" ಎಂದಳು.

ಹಚ್ಚಿದೆ. ನೀರು ಬೇಗ ಕುದಿಯಿತು.